ದೀಪಕ್ಕೆ ತಿಳಿಯದ ಮಾತು

ದಾನೇಶ್ವರಿಗೆ ಕೊರಿಯಾ ಎಲ್ಲಿದೆ ಎಂದು ಕೇಳಬೇಡಿ, ಗೊತ್ತಿಲ್ಲ. ಅಲ್ಲಿಯವರು ಸಿಟ್ಟು ಬಂದಾಗ, ಅಳು ಬಂದಾಗ, ಮುನಿಸು ಮುರಿಯುವಾಗ ಏನನ್ನುತ್ತಾರೆ ಕೇಳಿ. ಬ್ಲೌಸಿಗೆ ಹುಕ್ಕು ಹಚ್ಚುತ್ತಲೇ ಹೇಳುತ್ತಾಳೆ. ಗೋಕಾಕ ಫಾಲ್ಸಿನ ಈ ಹೊಲಿಗೆಯವಳಿಗೆ ಆ ವಿದ್ಯೆ ಬಂದದ್ದು ಟೀವಿಯ ಕೊರಿಯಾ ಧಾರಾವಾಹಿಗಳಿಂದ. ಮೈದುನನ ಹೆಂಡತಿ ಶೋಭಾ ಪರದೆಯ ಕೆಳಗಿನ ಇಂಗ್ಲಿಷ್ ಓದಿ ಅರ್ಥ ಹೇಳುವಳು, ಇವಳು ಮಾತನ್ನು ಗಪ್ಪನೆ ಹಿಡಿಯುವಳು. ಇಬ್ಬರೂ ಸೇರಿ ಅಳುವುದು ಕೇಳಿ ಅತ್ತೆ ಬಾಳವ್ವ ಯಾರು ಸತ್ತರೋ ಎಂದು ಅಡುಗೆಮನೆಯಿಂದ ಓಡಿ ಬರುತ್ತಿದ್ದಳು.

ಅಂಥ ಜೋಡಿ ಮಾತು ಬಿಟ್ಟಿತು. ಶೋಭಾಳ ಕುಬಸದ ಕಾರ್ಯಕ್ಕೆ ಹಸಿರು ಬ್ಲೌಸ್ ಹೊಲಿಯುತ್ತೇನೆಂದಿದ್ದ ದಾನೇಶ್ವರಿ, ಗಿರಾಕಿಗಳ ಮದುವೆ ಗಡಿಬಿಡಿಯಲ್ಲಿ ಮರೆತೇಬಿಟ್ಟಳು. ತುಂಬಿದ ಬಸುರಿ ಹಳೆಯ ಬ್ಲೌಸಿನಲ್ಲೇ ಆರತಿಗೆ ಕೂತಳು, ಅದೂ ಮೈಗೆ ಬಿಗಿ. ಅಂದೇ ದೀಪ ಮುಟ್ಟಿ ಆಣೆ ಹಾಕಿದಳು, ಇವಳ ಕೂಡ ಮಾತಿಲ್ಲ ಎಂದು. ಆಮೇಲೆ ಹೇಳುವುದನ್ನೆಲ್ಲ ಹಿತ್ತಲಿನ ಎಮ್ಮೆಗೆ ಹೇಳತೊಡಗಿದಳು. ಚಹಾ ಆರುತ್ತಿದೆ ಎಂದು ಎಮ್ಮೆಗೆ ಹೇಳಿದರೆ ಕುಡಿಯಬೇಕಾದವಳು ದಾನೇಶ್ವರಿ.

ಶೋಭಾ ಹೆರಿಗೆಗೆ ತವರೂರು ದಡ್ಡಿಗೆ ಹೊರಡುವ ದಿನ ಬಂತು. ಹೀಗೇ ಹೋದರೆ ಕೂಸು ಹುಟ್ಟಿದ ಸುದ್ದಿಯೂ ಎಮ್ಮೆಗೇ ಬಂದೀತು ಎಂದು ದಾನೇಶ್ವರಿ ಹೊಲಿಗೆ ಬಿಟ್ಟು ಎದ್ದಳು. ತಪ್ಪಾಯಿತು ಎನ್ನಲು ನಾಲಿಗೆ ಏಳದು; ನಮ್ಮ ಮನೆಗಳಲ್ಲಿ ಆ ಮಾತು ದೇವರಿಗೆ ಮೀಸಲು. ಕಾರು ಶುರುವಾಯಿತು. ಅವಳು ಓಡಿ ಬಂದು ಕಿಟಕಿ ಹಿಡಿದು, ಟೀವಿಯ ಹುಡುಗಿಯರ ಹಾಗೇ ತಲೆ ತಗ್ಗಿಸಿ, ತಪ್ಪಾಯಿತು ಎನ್ನುವುದನ್ನು ಕೊರಿಯಾದ ಮಾತಿನಲ್ಲಿ ಅಂದುಬಿಟ್ಟಳು.

"ಮಿಯಾನೆ."

ಒಳಗೆ ಕೂತಿದ್ದ ಶೋಭಾ ಬಾಯಿ ತೆರೆದವಳೇ ಅದಕ್ಕೆ ಕೈ ಅಡ್ಡ ಹಿಡಿದಳು. ಆಣೆ! ಹತ್ತಿರದಲ್ಲಿ ಎಮ್ಮೆಯೂ ಇಲ್ಲ. ಕಳಿಸಲು ಬಂದು ನಿಂತಿದ್ದ ಅತ್ತೆಯ ಮುಖ ನೋಡಿದಳು. ಆಣೆಯ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಡದ ಬಾಳವ್ವ ಸೆರಗು ಸರಿಮಾಡಿಕೊಂಡು ತೀರ್ಪು ಕೊಟ್ಟಳು.

"ದೀಪಕ್ಕ ಕೊರಿಯಾದ ಮಾತ ತಿಳಿಯೂದಿಲ್ಲ. ಆಡವಾ."

"ಕ್ವೆಂಚಾನಾ," ಎಂದಳು ಶೋಭಾ. ಇರಲಿ ಬಿಡು ಎಂದರ್ಥ. ಇಬ್ಬರೂ ಕಿಟಕಿಗೆ ಹಣೆ ಹಚ್ಚಿ ಅತ್ತರು, ನಕ್ಕರು, ಡ್ರೈವರ್ ಬೇಸತ್ತು ಕಾರು ಬಂದ್ ಮಾಡಿದ.

ದಡ್ಡಿಯಿಂದ ದಿನಾ ಫೋನು, ದಿನಾ ಕೊರಿಯಾದ ಮಾತು. ಒಂದು ಬೆಳಿಗ್ಗೆ ಮಾತ್ರ ಆ ಭಾಷೆ ಸಾಲದೇ ಹೋಯಿತು. ಆಣೆ ಎಲ್ಲಿ ಹಾರಿತೋ ಏನೋ.

"ಅಕ್ಕಾ, ಹೆಣ್ಣ ಹುಟ್ಟೇತಿ. ಕೂಸಿನ ತೆಲಿಗೆ ಹಸರ ಕುಂಚಿಗಿ ಹೊಲಕೊಂಡ ಬಾ. ಮರೀಬ್ಯಾಡ."

ಕುಂಚಿಗೆ ಶೋಭಾ ಹೋದ ದಿನವೇ ಹೊಲಿದಾಗಿತ್ತು.