ಕಾಲಿಗೆ ಸುಳ್ಳು ಹೇಳದ ಕ್ಲಚ್ಚು

ಮೋಟಾರು ವಾಹನದ ವಿನ್ಯಾಸವೆಂದರೆ ಎಂಜಿನ್ನಿನ ಶಕ್ತಿ, ಚಕ್ರದ ಹಿಡಿತ, ಹೊರಮೈಯ ಹೊಳಪು ಇಷ್ಟೇ ಎಂದು ತಿಳಿದವರ ನಡುವೆ, ಚಾಲಕನ ಎಡಪಾದದ ಕೆಳಗಿರುವ ಅಂಗೈಯಗಲದ ಕ್ಲಚ್ ಪೆಡಲಿಗೆ ತಮ್ಮ ಇಡೀ ವೃತ್ತಿಜೀವನವನ್ನು ಧಾರೆಯೆರೆದವರು ನಮ್ಮ ಅಭಿನಂದಿತರು. ಅವರ ಪೂರ್ಣ ನಾಮಧೇಯ, ಪದವಿ, ಪಡೆದ ಪುರಸ್ಕಾರಗಳೆಲ್ಲ ಈ ಸಂಪುಟದ ಮೊದಲ ಪುಟದಲ್ಲಿವೆ. ವಿಭಾಗದಲ್ಲಿ ಅವರನ್ನು ಆ ಹೆಸರಿನಿಂದ ಕರೆದವರು ಯಾರೂ ಇಲ್ಲ. ಎದುರಿಗೆ ಅಕ್ಕ, ಬೆನ್ನ ಹಿಂದೆ ಪೆಡಲಕ್ಕ. ಎರಡನೆಯ ಹೆಸರು ತಮ್ಮ ಕಿವಿಗೆ ಬಿದ್ದೇ ಇಲ್ಲವೆಂಬಂತೆ ಅವರೂ ಕೊನೆಯವರೆಗೆ ನಟಿಸಿದರು.

ಇಂಥ ಲೇಖನ ಹರ್ಷದಿಂದ ಮೊದಲಾಗಬೇಕು. ಆದರೆ ನಿವೃತ್ತರಾಗುತ್ತಿರುವ ಅಕ್ಕನವರೊಡನೆ ಅವರ ವಿದ್ಯೆಯೂ ಮನೆಗೆ ಹೊರಟಿರುವಾಗ ಹರ್ಷವನ್ನು ಎಲ್ಲಿಂದ ಕಡ ತರುವುದು? ನಮ್ಮ ಕಾರ್ಖಾನೆ ಇನ್ನು ಕ್ಲಚ್ ಪೆಡಲಿರುವ ಕಾರನ್ನು ತಯಾರಿಸುವುದಿಲ್ಲ. ಗೇರು ತನ್ನಷ್ಟಕ್ಕೆ ತಾನೇ ಬದಲಾಗುವ ಕಾಲ ಬಂದಿದೆ. ಪರೀಕ್ಷಾ ಕೊಠಡಿಯ ಮೇಜುಗಳನ್ನು ಸಾಗಿಸಿಯಾಗಿದೆ. ಅವು ನಿಂತಿದ್ದ ಕಡೆ ನೆಲದ ಬಣ್ಣ ಇನ್ನೂ ಹೊಸದಾಗಿಯೇ ಇದೆ.

ಅಕ್ಕನವರು ಸೇವೆಗೆ ಸೇರಿದಾಗ ಎಂಜಿನ್ ವಿಭಾಗದವರು ಮೂಗು ಮುರಿದು ಬಿಟ್ಟ ಕೆಲಸವೆಂದೇ ಪೆಡಲುಗಳು ಅವರ ಪಾಲಿಗೆ ಬಂದವು. ಅವರು ಕೂಡಿಸಿದ ಮೊದಲ ಪೆಡಲನ್ನು ಒತ್ತಿ ನೋಡಿದ ಪರೀಕ್ಷಾ ಚಾಲಕರೊಬ್ಬರು ಕಾರಿನಿಂದ ತಲೆ ಹೊರಹಾಕಿ, "ಇದೇನು ಪೆಡಲಾ, ಹಳೇ ಹಾಸಿಗೇನಾ? ಎಲ್ಲಿ ಕಚ್ಚುತ್ತೆ ಅಂತಾನೇ ಗೊತ್ತಾಗಲ್ವಲ್ಲ!" ಎಂದರಂತೆ. ಅಕ್ಕನವರು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಇಡೀ ಪೆಡಲನ್ನೇ ಬಿಚ್ಚಿ ಹಾಕಿದರು. ಆ ಜಗಳ ಮದುವೆಯಲ್ಲಿ ಮುಗಿಯಿತೆಂದು ಹಿರಿಯರು ಹೇಳುತ್ತಿದ್ದರು. ಮುಗಿಯಲಿಲ್ಲ, ಮನೆಗೆ ವರ್ಗವಾಯಿತಷ್ಟೇ ಎಂದು ಆ ಚಾಲಕರು ತಿದ್ದುತ್ತಿದ್ದರು. ಅಕ್ಕನ ಗಂಡನಾದ್ದರಿಂದ ಅವರು ಇಡೀ ವಿಭಾಗಕ್ಕೆ ಭಾವ.

ಕಚ್ಚುವುದೆಂದರೇನೆಂದು ಇಲ್ಲಿ ಹೇಳಬೇಕು. ಕ್ಲಚ್ ಒತ್ತಿದಾಗ ಎಂಜಿನ್ನಿಗೂ ಚಕ್ರಗಳಿಗೂ ಇರುವ ನಂಟು ಕಡಿಯುತ್ತದೆ. ನಿಧಾನವಾಗಿ ಬಿಟ್ಟಾಗ ಒಂದು ಹಂತದಲ್ಲಿ ಅವೆರಡೂ ಮತ್ತೆ ಕಚ್ಚಿಕೊಳ್ಳುತ್ತವೆ. ಆ ಹಂತ ಪಾದಕ್ಕೆ ತಿಳಿದರೆ ಕಾರು ಮಾತು ಕೇಳುತ್ತದೆ, ತಿಳಿಯದಿದ್ದರೆ ಮುಗ್ಗರಿಸುತ್ತದೆ. ಅದನ್ನು ತಿಳಿಯಗೊಡದ ಎರಡು ಸಾಧನಗಳ ಮೇಲೆ ಅಕ್ಕನವರಿಗೆ ಹುಟ್ಟಾ ಕೋಪ. ಒಂದು, ಪೆಡಲನ್ನು ಹಗುರಾಗಿಸಲು ಅದರ ಬುಡದಲ್ಲಿ ಕೂಡಿಸುವ ಸಹಾಯಕ ಸ್ಪ್ರಿಂಗ್. ಅರ್ಧ ದಾರಿ ದಾಟಿದೊಡನೆ ಅದು ತಾನೇ ಪೆಡಲನ್ನು ನೆಲದತ್ತ ಎಳೆದುಕೊಂಡು ಕ್ಲಚ್ಚಿನ ನಿಜವಾದ ಭಾರವನ್ನು ಮುಚ್ಚಿಡುತ್ತದೆ. ಇನ್ನೊಂದು, ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಒಯ್ಯುವ ಎಣ್ಣೆಯ ಕೊಳವೆಯೊಳಗೆ ಅಡಗಿಸುವ ಕಿರುರಂಧ್ರದ ಕವಾಟ. ಚಾಲಕ ಕಾಲು ತೆಗೆದರೂ ಕ್ಲಚ್ ತುಸು ತಡೆದೇ ಕಚ್ಚುವಂತೆ ಮಾಡಿ, ಅನನುಭವಿಯ ತಪ್ಪನ್ನು ಮರೆಸುತ್ತದೆ.

ಇಬ್ಬರೇ ಕೂರುವ ನಮ್ಮ ಸ್ಪೋರ್ಟ್ಸ್ ಕಾರಿನ ಯೋಜನೆ ಬಂದಾಗ ಅವೆರಡನ್ನೂ ಕಿತ್ತುಹಾಕಬೇಕೆಂದು ಅಕ್ಕನವರು ಪಟ್ಟು ಹಿಡಿದರು. ಮಾರಾಟ ವಿಭಾಗದ ಮುಖ್ಯಸ್ಥರು ಸಭೆಯಲ್ಲಿ, "ಪೆಡಲು ಭಾರ ಆದ್ರೆ ಯಾರ್ರೀ ತಗೋತಾರೆ? ಗಿರಾಕಿ ಕಾರು ಓಡಿಸ್ಬೇಕೋ, ವ್ಯಾಯಾಮ ಮಾಡ್ಬೇಕೋ?" ಎಂದು ನಗಿಸಿದರು. ಅಕ್ಕನವರು ನಗಲಿಲ್ಲ.

"ಕೈಗೆ ಸುಳ್ಳು ಹೇಳಿದ್ರೆ ಕೈ ತಿರುಗಿ ಕೇಳುತ್ತೆ ಸಾರ್. ಕಾಲು ಪಾಪದ್ದು, ಹೇಳಿದ್ದನ್ನ ನಂಬಿಬಿಡುತ್ತೆ. ಅದಕ್ಕೆ ಸುಳ್ಳು ಹೇಳಬಾರದು."

ಹಾಗೆಂದು ಅವರು ಸ್ಪ್ರಿಂಗ್ ಕಿತ್ತು ಕೈ ತೊಳೆದುಕೊಳ್ಳಲಿಲ್ಲ. ಪೆಡಲು ತೂಗುವ ಕೀಲನ್ನು ಕೂದಲೆಳೆಯಷ್ಟು ಸರಿಸಿದರು, ಕೀಲಿನೊಳಗೆ ಸವೆಯುವ ಪ್ಲಾಸ್ಟಿಕ್ ಬುಷ್ಷೆಂಬ ಬಳೆಯ ಬದಲು ಕಂಚಿನದನ್ನು ಕೂರಿಸಿದರು, ಒತ್ತಡಕ್ಕೆ ಉಬ್ಬುವ ರಬ್ಬರ್ ಕೊಳವೆಗೆ ಉಕ್ಕಿನ ಹೆಣಿಗೆ ತೊಡಿಸಿದರು. ಪ್ರತಿ ಬದಲಾವಣೆಗೂ ಭಾವನವರನ್ನು ಕೂರಿಸಿ, ಅವರು ತಲೆಯಾಡಿಸುವವರೆಗೆ ಬಿಚ್ಚಿ ಕಟ್ಟಿದರು. ಕೊನೆಗೆ ಮಾರಾಟ ಮುಖ್ಯಸ್ಥರನ್ನೇ ಕಾರಿನಲ್ಲಿ ಕೂರಿಸಲಾಯಿತು. ಪರೀಕ್ಷಾ ಪಥವನ್ನು ಸುತ್ತಿ ಬಂದ ಅವರು ಇಳಿಯುವ ಮನಸ್ಸಿಲ್ಲದೆ ಇನ್ನೊಂದು ಸುತ್ತು ಹೋದರು.

ಅಕ್ಕನವರ ಮಮತೆ ದುಬಾರಿ ಕಾರುಗಳಿಗಷ್ಟೇ ಮೀಸಲಾಗಿರಲಿಲ್ಲ. ನಕ್ಷೆ ವಿಭಾಗದ ಗಿಡ್ಡ ಬೆರಳಚ್ಚುಗಾರ್ತಿಯೊಬ್ಬರ ಹಳೆಯ ಕಾರು ದಿನವೂ ಗೇಟಿನ ಇಳಿಜಾರಿನಲ್ಲಿ ಗಕ್ಕನೆ ನಿಲ್ಲುತ್ತಿತ್ತು; ಕಾವಲುಗಾರನಿಂದ ಹಿಡಿದು ಅಧಿಕಾರಿಗಳವರೆಗೆ ಎಲ್ಲರಿಗೂ ಅದೊಂದು ಪುಕ್ಕಟೆ ಮನರಂಜನೆ. ಅಕ್ಕನವರು ಒಂದು ಮಧ್ಯಾಹ್ನ ಊಟ ಬಿಟ್ಟು ಆ ಕಾರಿನಡಿ ತೂರಿ, ಆ ಹೆಂಗಸಿನ ಕಾಲಿಗೆ ಎಟುಕುವಲ್ಲಿ ಕ್ಲಚ್ ಕಚ್ಚುವಂತೆ ಸರಿಮಾಡಿದರು. "ನಿಮ್ಮ ತಪ್ಪಲ್ಲ ತಾಯಿ, ಪೆಡಲು ನಿಮಗೆ ಹೇಳ್ತಾನೇ ಇರಲಿಲ್ಲ" ಎಂದರು. ಆಕೆ ಈಗಲೂ ಆ ಮಾತನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ.

ಸ್ಪೋರ್ಟ್ಸ್ ಕಾರು ಹೆಸರು ಮಾಡಿತು. ಪ್ರಯೋಗಕ್ಕೆ ಬಳಸಿದ ಮೊದಲ ಕಾರನ್ನು ಕಾರ್ಖಾನೆಯವರು ಭಾವನವರಿಗೇ ಬಿಟ್ಟುಕೊಟ್ಟರು. ಅದನ್ನು ಮನಸಾರೆ ಓಡಿಸುವ ಯೋಗ ಅವರಿಗೆ ಬಹಳ ದಿನ ಇರಲಿಲ್ಲ. ಒಂದು ಬೆಳಿಗ್ಗೆ ಬೂಟಿನ ಲಾಡಿ ಕಟ್ಟಲು ಬಗ್ಗಿದವರು ಹಾಗೆಯೇ ಪಕ್ಕಕ್ಕೆ ವಾಲಿದರು. ಪಾರ್ಶ್ವವಾಯು ಎಡಗೈ ಎಡಗಾಲುಗಳ ಬಲವನ್ನು ಕಸಿದುಕೊಂಡಿತು, ಸ್ಪರ್ಶವನ್ನು ಮಾತ್ರ ಉಳಿಸಿತು. ಎಷ್ಟೋ ತಿಂಗಳ ಆರೈಕೆಯ ಮೇಲೆ ಕೋಲೂರಿ ನಡೆಯುವಂತಾದಾಗ ಅವರ ಬಾಯಲ್ಲಿ ಒಂದೇ ಮಾತು: "ಒಂದು ಸಲ ಓಡಿಸ್ಬೇಕು ಕಣೆ. ನಮ್ಮ ಪರೀಕ್ಷಾ ಪಥದಲ್ಲೇ ಸಾಕು. ಆಮೇಲೆ ಕೇಳಲ್ಲ." ಅಕ್ಕನವರು ಅವರನ್ನು ಷೆಡ್ಡಿನಲ್ಲಿದ್ದ ಕಾರಿನೊಳಗೆ ಕೂರಿಸಿದರು. ಪೆಡಲು ಅರ್ಧಕ್ಕೇ ನಿಂತಿತು. ಕಾಲು ನಡುಗಿ ಜಾರಿತು. ತಾವೇ ಕಟ್ಟಿದ ಪೆಡಲು ತಮ್ಮ ಗಂಡನನ್ನೇ ಹೊರಗೆ ನಿಲ್ಲಿಸಿತ್ತು.

ಅದಾದ ಭಾನುವಾರ ಅಕ್ಕನವರು ತಮ್ಮ ವಿಭಾಗದವನೇ ಆದ ಈ ಲೇಖಕನಿಗೆ ಫೋನು ಮಾಡಿ, ಬೇರೆ ಕಾರಿನದೊಂದು ಸಹಾಯಕ ಸ್ಪ್ರಿಂಗನ್ನೂ ಒಂದು ಕವಾಟವನ್ನೂ ಉಗ್ರಾಣದಿಂದ ತರಲು ಹೇಳಿದರು. ಅಕ್ಕನ ಬಾಯಲ್ಲಿ ಅಂಥ ಮಾತೇ ಎಂದು ಅವನಿಗೆ ನಂಬಲಾಗಲಿಲ್ಲ. ಷೆಡ್ಡಿನಲ್ಲಿ ಅವರು ಆ ಸ್ಪ್ರಿಂಗನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದರು. ಆಮೇಲೆ ಎಂದಿನಂತೆ ಅಂಗಾತ ಮಲಗಿ ಕೆಲಸ ಆರಂಭಿಸಿದರು. ಭಾರ ಇಳಿಸಲು ಸ್ಪ್ರಿಂಗ್. ಕಾಲು ಜಾರಿದರೂ ಕಾರು ನೆಗೆಯದಿರಲೆಂದು ಕವಾಟ. "ಬೆಳಕು ಇನ್ನೂ ಈ ಕಡೆ ಹಿಡಿ" ಎಂದು ನಡುನಡುವೆ ಹೇಳುತ್ತಿದ್ದರು. ಮುಖ ಡ್ಯಾಶ್‌ಬೋರ್ಡಿನ ಕೆಳಗಿದ್ದುದರಿಂದ ಅತ್ತರೋ ಇಲ್ಲವೋ ಕಾಣಲಿಲ್ಲ.

ಪರೀಕ್ಷಾ ಪಥದಲ್ಲಿ ವಿಭಾಗದವರೆಲ್ಲ ನೆರೆದಿದ್ದರು. ಅಕ್ಕನವರು ಪಕ್ಕದಲ್ಲಿ ಕೂತು ಮೊದಲ ಗೇರು ಹಾಕಿಕೊಟ್ಟರು. ಪೆಡಲು ಸಲೀಸಾಗಿ ನೆಲ ಮುಟ್ಟಿತು; ಕಾರು ಹೊರಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಲ್ಪ ದೂರ ಹೋದ ಕಾರು ನಿಂತಿತು. ಏನಾಯಿತೋ ಎಂದು ಓಡಿಹೋದವರ ಕಿವಿಗೆ ಭಾವನವರ ತೊದಲು ಮಾತು ಬಿತ್ತು.

"ಇದು ನಿನ್ನ ಪೆಡಲಲ್ಲ. ಸ್ಪ್ರಿಂಗ್ ಹಾಕಿದೀಯ."

"ಹೂಂ."

"ಕವಾಟಾನೂ."

"ಅದನ್ನೂ ಹಾಕಿದೀನಿ."

"ತೆಗಿ."

"ತೆಗೆದ್ರೆ ನಿಮಗೆ ಒತ್ತೋಕಾಗಲ್ಲ ರೀ."

"ಗೊತ್ತು. ಡಾಕ್ಟರು, ನಂಟರು, ಎಲ್ಲಾ ನನಗೆ ಸುಳ್ಳೇ ಹೇಳ್ತಿದಾರೆ. ನೀನೂ ಶುರು ಮಾಡ್ಬೇಡ."

ಅಕ್ಕನವರು ಅಂದೇ ಎರಡನ್ನೂ ತೆಗೆದರು. ಭಾವನವರು ಮತ್ತೆಂದೂ ಚಾಲಕನ ಸೀಟಿನಲ್ಲಿ ಕೂರಲಿಲ್ಲ. ಆದರೆ ಒಂದು ದಿನ ಅಕ್ಕನವರು ಕಾರು ಓಡಿಸುತ್ತಿದ್ದಾಗ, ಎಡ ಸೀಟಿನಲ್ಲಿದ್ದ ಭಾವನವರ ಬಲಗೈ ತಾನಾಗಿ ಗೇರಿನ ಹಿಡಿಯ ಮೇಲೆ ಬಂದು ಕೂತಿತಂತೆ. ಅಕ್ಕನವರು ಸುಮ್ಮನೆ ಕ್ಲಚ್ ಒತ್ತಿದರು. ಭಾವನವರು ಗೇರು ಬದಲಿಸಿದರು. ಆಮೇಲೆ ವರ್ಷಗಟ್ಟಲೆ ಆ ಕಾರು ಓಡಿದ್ದೇ ಹಾಗೆ, ಆಕೆಯ ಕಾಲು, ಈತನ ಕೈ. ಬೀದಿಯವರು ನಕ್ಕರೆ ಭಾವನವರು, "ನಮ್ಮದು ಕೂಡುಕುಟುಂಬ ಕಣ್ರಪ್ಪ" ಎನ್ನುತ್ತಿದ್ದರು. ಹೋದ ವರ್ಷ ಎರಡನೆಯ ಆಘಾತ ಅವರನ್ನು ಕರೆದೊಯ್ದಿತು. ಅಕ್ಕನವರು ಕರ್ಮಾಂತರಗಳನ್ನು ಮುಗಿಸಿ ಕೆಲಸಕ್ಕೆ ಮರಳಿದರು. ಸಾಂತ್ವನದ ಮಾತಿಗೆ ಅವರು ಯಾರಿಗೂ ಎಡೆಗೊಡಲಿಲ್ಲ.

ಇತ್ತೀಚೆಗೆ ಕ್ಲಚ್ ಪೆಡಲಿರುವ ನಮ್ಮ ಕಟ್ಟಕಡೆಯ ಕಾರಿನ ಪರೀಕ್ಷೆ ನಡೆಯಿತು. ಅಕ್ಕನವರೇ ಓಡಿಸಿದರು, ಈ ಲೇಖಕ ಎಡ ಸೀಟಿನಲ್ಲಿದ್ದ. ಪ್ರತಿ ಸಲವೂ ಅವರು ಕ್ಲಚ್ ಒತ್ತುತ್ತಿದ್ದರು, ಎಂಜಿನ್ನಿನ ದನಿ ಇಳಿಯುತ್ತಿತ್ತು, ಆದರೆ ಅವರ ಎಡಗೈ ತೊಡೆಯ ಮೇಲೇ ಇರುತ್ತಿತ್ತು. ಒಂದು ಗಳಿಗೆ ಕಳೆದ ಮೇಲೆಯೇ ಅದು ನೆನಪಾದಂತೆ ಗೇರಿನ ಕಡೆ ಹೋಗುತ್ತಿತ್ತು. ಕಾರು ಮುಗ್ಗರಿಸುತ್ತಿತ್ತು. ಪೆಡಲಿನಲ್ಲಿ ಏನಾದರೂ ದೋಷವಿದೆಯೇ ಎಂದು ಕೇಳಿದ್ದಕ್ಕೆ ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಪೆಡಲು ಚೆನ್ನಾಗಿದೆ. ಈ ತಡ ನನ್ನದು."



ಹಳೆಯ ಕಾರುಗಳ ಒಡೆಯರು ಈಗಾಗಲೇ ಅಕ್ಕನವರ ಷೆಡ್ಡನ್ನು ಹುಡುಕಿಕೊಂಡು ಬರುತ್ತಿದ್ದಾರೆಂಬುದು ನಮಗೆ ಉಳಿದಿರುವ ಸಮಾಧಾನ. ಅವರಿಗೆ ದೀರ್ಘಾಯುಸ್ಸೂ ಅದಕ್ಕೆ ತಕ್ಕ ಆರೋಗ್ಯವೂ ದೊರೆಯಲಿ. ಸುಳ್ಳು ಕೇಳಿ ಕೇಳಿ ದಣಿದ ಕಾಲುಗಳಿಗೆ ಅವರು ಇನ್ನೂ ಬಹುಕಾಲ ನಿಜ ಹೇಳುವಂತಾಗಲಿ. ಕಾರುಗಳಿಂದ ವಿಳಂಬವನ್ನು ಕಿತ್ತುಹಾಕುವುದನ್ನೇ ವ್ರತವಾಗಿಸಿಕೊಂಡವರು ಗೇರು ಬದಲಿಸುವ ಮುನ್ನ ಇನ್ನು ಎಷ್ಟು ಹೊತ್ತು ಬೇಕಾದರೂ ಕಾಯಲಿ. ಎಡ ಸೀಟಿನಲ್ಲಿ ಕೂತವರು ಯಾರೂ ಅವಸರ ಮಾಡದಿರಲಿ.