ಸಣ್ಣ ಅಜ್ಜನ ಸಹಿ

“ನಮ್ಮ ಮನಿ ಹೆಣ್ಣು ಬಿ.ಎ. ಆಗೂದು ಆಗೂ ಮಾತಲ್ಲ ಬಿಡ್ರಿ” ಎಂದವಳು ನನ್ನ ಆಯಿ, ಅಂದರೆ ಅವ್ವನ ಅವ್ವ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದವಳು, ಕೈಗೆ ಸಿಕ್ಕ ಹರಳನ್ನು ಅಂಗಳಕ್ಕೆ ಎಸೆದಷ್ಟೇ ಸಲೀಸಾಗಿ ಆ ಮಾತನ್ನೂ ಎಸೆದಳು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ನಾನು ಹುಟ್ಟಿ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವಾಗ “ಇದು ನಮ್ಮ ಶರಣಪ್ಪನ ಹೆಣ್ಣು” ಎಂದು ನಾಲ್ಕು ಮಂದಿಯ ಮುಂದೆ ಅಂದವಳೂ ಅವಳೇ. ಶರಣಪ್ಪ ಅವಳ ಕಿರಿಯ ಮಗ, ನನ್ನ ಸೋದರಮಾವ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ತೊಟ್ಟಿಲಲ್ಲಿ ಆಡಿದ ಮಾತು ಅಕ್ಷತೆ ಬೀಳುವವರೆಗೆ ನಿಲ್ಲಬೇಕು. ನಡುವೆ ಕಾಲೇಜು ಬಂದರೆ ಅದು ಆಯಿಯ ಲೆಕ್ಕದಲ್ಲಿ ಬೇಳೆಯೊಳಗಿನ ಹರಳೇ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು. ಬೇರೆ ಕಡೆಯಿಂದ ವರ ಬಂದರೆ ಮೊದಲು ಅವನನ್ನು ಕೇಳಬೇಕು. ಅವನು ಎಲೆ-ಅಡಿಕೆ ಕೊಟ್ಟು “ನನ್ನದೇನಿಲ್ಲ” ಎಂದ ಮೇಲೆಯೇ ಹೆಣ್ಣಿನ ಮನೆಯವರು ಇನ್ನೊಬ್ಬರ ಎದುರು ಕೂರಬೇಕು. ಮಾಮ ಕೆಟ್ಟವನಾಗಿರಲಿಲ್ಲ. ಜೇವರ್ಗಿ ಬಸ್‌ ನಿಲ್ದಾಣದ ಹತ್ತಿರ ಅವನ ಟೇಲರ್ ಅಂಗಡಿ. ಏಳನೆಯ ತರಗತಿಗೇ ಶಾಲೆ ಬಿಟ್ಟು ಹೊಲಿಗೆ ಕಲಿತು, ಅಕ್ಕನ ಮಗಳು ದೊಡ್ಡವಳಾಗಲಿ ಎಂದು ಕಾದವನು. ಕಾಯಿಸಿದವಳು ನಾನು ಎಂಬ ಅಳುಕು ನನಗೆ ಇದ್ದೇ ಇತ್ತು.

ಆ ಅಳುಕನ್ನು ಕಟ್ಟಿಕೊಂಡೇ ನಾನು ಮಾದನಹಿಪ್ಪರಗಾದಿಂದ ಆಳಂದದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡಿದೆ. ಗ್ರಂಥಾಲಯದಲ್ಲಿ ಒಂದು ದಪ್ಪ ಇಂಗ್ಲಿಷ್ ನಿಘಂಟಿತ್ತು, ಶಬ್ದಗಳ ಹುಟ್ಟುಮೂಲವನ್ನೂ ಹೇಳುವಂಥದ್ದು. ಊರು ಬಿಟ್ಟು ಹೋದವರು ಹೊಸ ಊರಿನಲ್ಲಿ ಮೊದಲು ನಮ್ಮವರು ಯಾರಿದ್ದಾರೆ ಎಂದು ಹುಡುಕುವಂತೆ, ನಾನು ಆ ಪರಭಾಷೆಯಲ್ಲಿ ಮೊದಲು ನೆಂಟರನ್ನು ಹುಡುಕಿದೆ. ಇಂಗ್ಲಿಷಿನವರು ಸಂಬಂಧದ ವಿಷಯದಲ್ಲಿ ಬಲು ಬಡವರೆಂದು ನನ್ನ ತಿಳಿವಳಿಕೆಯಾಗಿತ್ತು. ನಮ್ಮಲ್ಲಿ ದೊಡ್ಡಪ್ಪ ಬೇರೆ, ಮರಾಠಿ ಕಡೆಯಿಂದ ಬಂದ ಕಾಕಾ ಬೇರೆ, ಮಾಮ ಬೇರೆ. ನೆರೆಮನೆಯ ಮುಸಲ್ಮಾನರಲ್ಲಿ ಚಾಚಾ ಬೇರೆ, ಮಾಮು ಬೇರೆ, ಫೂಫಾ ಬೇರೆ. ಯಾರ ಮುಂದೆ ಸೆರಗು ಹೊದೆಯಬೇಕು, ಯಾರ ಜೊತೆ ನಗಬಹುದು, ಯಾರು ಬಳೆ ಇಡಿಸಬೇಕು ಎಂಬುದೆಲ್ಲ ಆ ಒಂದೊಂದು ಹೆಸರಿನಲ್ಲೇ ಅಡಗಿದೆ. ಅವರಿಗೋ ಎಲ್ಲರೂ ಅಂಕಲ್. ಈಗಂತೂ ನಮ್ಮ ಓಣಿಯ ಮಕ್ಕಳಿಗೆ ಬಸ್ಸಿನ ಕಂಡಕ್ಟರೂ ಅಂಕಲ್, ಬಾಳೆಹಣ್ಣಿನ ಗಾಡಿಯವನೂ ಅಂಕಲ್.

ಆದರೆ ಆ ನಿಘಂಟು ಬೇರೆ ಕಥೆ ಹೇಳಿತು. ಅಂಕಲ್ ಎಂಬುದು ಲ್ಯಾಟಿನ್ ಎಂಬ ಹಳೆಯ ಭಾಷೆಯಿಂದ ಫ್ರೆಂಚರ ಮನೆ ಹಾಯ್ದು ಬಂದ ಶಬ್ದ, ಮೂಲದಲ್ಲಿ ಅದಕ್ಕೆ ತಾಯಿಯ ತಮ್ಮ ಅಥವಾ ಅಣ್ಣ ಎಂದಷ್ಟೇ ಅರ್ಥ. ತಂದೆಯ ಒಡಹುಟ್ಟಿದವನಿಗೆ ಅವರಲ್ಲಿ ಬೇರೆಯೇ ಹೆಸರಿತ್ತು. ಆಂಟಿ ಎನ್ನುತ್ತೇವಲ್ಲ, ಅವಳು ತಂದೆಯ ಅಕ್ಕ-ತಂಗಿ, ನಮ್ಮ ಸೋದರತ್ತೆ. ಇಂದು ಗಂಡ-ಹೆಂಡಿರಂತೆ ಜೋಡಿಯಾಗಿ ತಿರುಗುವ ಈ ಎರಡು ಶಬ್ದಗಳು ಹುಟ್ಟಿನಲ್ಲಿ ಒಂದು ತವರಿನ ಕಡೆಯದು, ಒಂದು ತಂದೆಯ ಮನೆಯದು. ಬಡವರೆಂದುಕೊಂಡವರ ಅಟ್ಟದ ಮೇಲೂ ಒಂದು ಕಾಲಕ್ಕೆ ನಮ್ಮಷ್ಟೇ ಪಾತ್ರೆಗಳಿದ್ದವು, ಬಳಸದೆ ಕಳೆದುಕೊಂಡರು. ಇನ್ನೂ ಒಂದು ಸಾಲು ಇತ್ತು. ಆ ಮೂಲ ಶಬ್ದವನ್ನು ಬಿಡಿಸಿದರೆ ‘ಸಣ್ಣ ಅಜ್ಜ’ ಎಂದಾಗುತ್ತದಂತೆ. ತಾಯಿಯ ತಂದೆ ಇಲ್ಲದಾಗ ಅವನ ಜಾಗದಲ್ಲಿ ನಿಂತು ಮಕ್ಕಳನ್ನು ಕಾಯುವವನು ಎಂದು ನಾನು ಅದಕ್ಕೆ ಅರ್ಥ ಹಚ್ಚಿಕೊಂಡೆ.

ಮೂರನೆಯ ವರ್ಷದ ಪ್ರವೇಶದ ಅರ್ಜಿಗೆ, ಹಿಂದಿನೆರಡು ವರ್ಷ ಕೇಳಿರದ ಪಾಲಕರ ಸಹಿ ಬೇಕಾಯಿತು. ಅಪ್ಪನಿಗೆ ಹೆಬ್ಬೆಟ್ಟು ಒತ್ತುವುದು ಗೊತ್ತಿತ್ತು, ಆದರೆ ಒತ್ತಲಿಲ್ಲ. “ಹುಡುಗಿ ಶರಣಪ್ಪನದು. ನಾ ಹೆಂಗ ಒತ್ತಲಿ? ಸಹಿ ಅವನೇ ಮಾಡಬೇಕು” ಎಂದ. ಕಾಲೇಜಿನ ಯಾವ ಗುಮಾಸ್ತನೂ ಒಪ್ಪಲಾರದ ಈ ನ್ಯಾಯ ಅಪ್ಪನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಅರ್ಜಿ ಕೊಡುವ ಕೊನೆಯ ದಿನಕ್ಕೆ ಮೂರೇ ದಿನ ಉಳಿದಿದ್ದವು. ಆಳಂದ, ಗುಲಬರ್ಗಾ, ಅಲ್ಲಿಂದ ಜೇವರ್ಗಿ ಎಂದು ಬಸ್ಸು ಬದಲಿಸುತ್ತ ಅಪ್ಪನ ಪಕ್ಕದಲ್ಲಿ ಕೂತಿದ್ದ ನನಗೆ, ಮಾಮ ಒಲ್ಲೆ ಎಂದರೆ ನನ್ನ ಓದು ಅಲ್ಲಿಗೆ ಮುಗಿಯಿತು ಎಂಬುದೊಂದೇ ಗೊತ್ತಿದ್ದದ್ದು.

ಮಾಮ ಕುಪ್ಪಸ ಕತ್ತರಿಸುತ್ತಿದ್ದ. ಅರ್ಜಿಯನ್ನು ಬಟ್ಟೆಯಂತೆ ಮೇಜಿನ ಮೇಲೆ ಹರವಿ, ಅಂಗೈಯಿಂದ ಸುಕ್ಕು ತೆಗೆದು ನೋಡಿದ.

“ಇಲ್ಲಿ ಸಹಿ ಅಂತದ, ತಿಳೀತು. ಅದರ ಮಗ್ಗಲಕ ಸಂಬಂಧ ಅಂತ ಕೇಳ್ಯಾರಲ್ಲ ಮಾದೇವಿ, ಏನ್ ಬರೀಲಿ?”

“ಅಂಕಲ್ ಅಂತ ಬರೀರಿ ಮಾಮಾ.”

“ಅಂದ್ರ?”

ನಾನು ನಿಘಂಟಿನಲ್ಲಿ ಕಂಡದ್ದನ್ನು ಹೇಳಿದೆ, ಅವ್ವನ ತಮ್ಮ ಎಂದೂ, ಸಣ್ಣ ಅಜ್ಜ ಎಂದೂ. ಮಾಮ ಕತ್ತರಿ ಕೆಳಗಿಟ್ಟು ನಕ್ಕ. “ನೋಡ್ರಿ ಭಾವಾರ, ಇನ್ನಾ ತಲೀಗಿ ಬಾಸಿಂಗ ಕಟ್ಟಿಲ್ಲ, ನಿಮ್ಮ ಮಗಳು ಅಜ್ಜನ್ನ ಮಾಡಿಬಿಟ್ಳು.” ಅಪ್ಪನೂ ನಕ್ಕ. ಹೊರಗೆ ವಿಜಾಪುರದ ಬಸ್ಸು ಬಂದು ನಿಂತು ಹೋಯಿತು.

“ಓದಬೇಕಂತ ಖರೇನ ಅದ ಏನು ನಿನಗ?” ಮಾಮ ನನ್ನ ಮುಖ ನೋಡಲಿಲ್ಲ.

“ಅದ ಮಾಮಾ. ಬಿ.ಎ. ಮುಗಿಸಿ ಸಾಲ್ಯಾಗ ಕಲಸ್ಬೇಕಂತ ಅದ. ನಿಮ್ಮನ್ನ ಕಾಯಿಸೂದಕ್ಕ ಮನಸ್ಸಿಲ್ಲ.”

ಅಷ್ಟು ದಿಟ್ಟ ಮಾತನ್ನು ನಾನು ಅದಕ್ಕೂ ಮೊದಲು ಯಾರ ಮುಂದೆಯೂ ಆಡಿರಲಿಲ್ಲ. ಅಪ್ಪ “ಲೇ” ಎಂದು ಗದರಲು ಬಾಯಿ ತೆಗೆದ. ಮಾಮ ಕೈ ಅಡ್ಡ ಮಾಡಿದ. ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಮತ್ತೆ ಅಲ್ಲೇ ಇಟ್ಟು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. “ಪಾಲಕ ಅಂತ ಸಹಿನೂ ಮಾಡಿ ಮುಂದ ತಾಳಿನೂ ಕಟ್ಟಿದ್ರ ಮಂದಿ ನಗ್ತಾರ ಭಾವಾರ. ಎರಡರಾಗ ಒಂದ ಆಗ್ಬೇಕು” ಎಂದು, ಅಕ್ಷರ ಅಕ್ಷರ ಕೂಡಿಸಿ ಕನ್ನಡದಲ್ಲಿ ಸಹಿ ಮಾಡಿದ. ಸಂಬಂಧ ಕೇಳಿದ ಜಾಗದಲ್ಲಿ ‘ಸೋದರಮಾವ’ ಎಂದು ಬರೆದ. ಅಂಕಲ್ ಎಂದು ಬರೆಯಲಿಲ್ಲ. ಆ ಶಬ್ದ ಎಂದೋ ಕಳೆದುಕೊಂಡದ್ದೆಲ್ಲ ಈ ಶಬ್ದದಲ್ಲಿ ಇನ್ನೂ ಇತ್ತು.

ಅದೇ ವಾರ ಮಾಮ ನಮ್ಮೂರಿಗೆ ಬಂದು ಹಿರಿಯರ ಮುಂದೆ ಅವ್ವನ ಕೈಗೆ ಎಲೆ-ಅಡಿಕೆ ಕೊಟ್ಟ. ಅವ್ವ ಅತ್ತಳು, ತಮ್ಮನಿಗಾಗಿಯೋ ಮಗಳಿಗಾಗಿಯೋ ನಾನು ಕೇಳಲಿಲ್ಲ. ಆಯಿ ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ತಾನು ತೊಟ್ಟಿಲಲ್ಲಿ ಕೊಟ್ಟ ಮಾತನ್ನು ಮೊಮ್ಮಗಳು ಒಂದು ಕಾಗದದ ಮೇಲೆ ಸುಳ್ಳು ಮಾಡಿದಳೆಂಬುದು ಅವಳ ಸಂಕಟ. ಅವಳು ಮಾಮನ ಜೊತೆ ಇದ್ದ ಜೇವರ್ಗಿಯ ಮನೆಗೆ ನಾನು ಹೋದರೆ ರೊಟ್ಟಿ ಬಡಿಸುತ್ತಿದ್ದಳು, ಶೇಂಗಾದ ಚಟ್ನಿ ಹಿಂಡಿ ಹಾಕುತ್ತಿದ್ದಳು, ಆದರೆ “ಸಾಕೇನು” ಎಂದು ಕೇಳುವುದನ್ನೂ ಮಾಮನ ಬಾಯಿಂದ ಕೇಳಿಸುತ್ತಿದ್ದಳು. ಮುಂದಿನ ವರ್ಷ ಮಾಮನಿಗೆ ಅಫಜಲಪುರದ ಕಡೆಯ ಹೆಣ್ಣು ಬಂದಿತು. ಮದುವೆಯಲ್ಲಿ ನಾನೇ ಆರತಿ ಹಿಡಿದೆ. ಆಗಲೂ ಆಯಿ ನನ್ನತ್ತ ನೋಡಲಿಲ್ಲ. ಓದಿದ್ದಕ್ಕೆ ತೆತ್ತದ್ದು ಏನು ಎಂದು ಯಾರಾದರೂ ಕೇಳಿದರೆ ನನಗೆ ಬಸ್ಸಿನ ನೂಕುನುಗ್ಗಲು ನೆನಪಾಗುವುದಿಲ್ಲ, ಆ ಎರಡು ವರ್ಷದ ಮೌನ ನೆನಪಾಗುತ್ತದೆ.

ಪದವಿಯ ಪ್ರಮಾಣಪತ್ರ ಕೈಗೆ ಬಂದ ದಿನ ನಾನು ಊರಿಗೆ ಹೋಗದೆ ನೇರ ಜೇವರ್ಗಿಯ ಬಸ್ಸು ಹಿಡಿದೆ. ಮಾಮ ಅಂಗಡಿಯಿಂದ ಮನೆಗೆ ಊಟಕ್ಕೆ ಬಂದಿದ್ದ. ಅವನ ಕೈಗೆ ಕೊಟ್ಟೆ. ಅವನು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಅಂಚು ಹಿಡಿದು, ಅಳತೆ ನೋಡುವವನಂತೆ ದೂರ ಹಿಡಿದು ನೋಡಿ, ಒಳಗೆ ಹೋಗಿ ಆಯಿಯ ತೊಡೆಯ ಮೇಲಿಟ್ಟ.

ಆಯಿ ಅದರ ಮೇಲೆ ಬೆರಳಾಡಿಸಿದಳು. ತಲೆಕೆಳಗಾಗಿ ಹಿಡಿದಿದ್ದಳು, ಮಾಮ ತಿರುಗಿಸಿ ಕೊಟ್ಟ. ಆಮೇಲೆ ತಲೆ ಎತ್ತಿ, ಮಾಮನನ್ನಲ್ಲ, ನನ್ನನ್ನು ನೋಡಿದಳು.

“ಇಲ್ಲೇ ಕುಂದ್ರು ಬಾ ಬೇ. ಏನ್ ಬರದಾರ ಓದಿ ಹೇಳು. ಸಾವಕಾಶ ಓದು, ನನಗ ಇಂಗ್ಲಿಷ್ ಬರಂಗಿಲ್ಲ.”