ಬೂದು ಹಲಗೆಗೆ ಹಚ್ಚಿದ ವಿಭೂತಿ

ಶೈಲಾಗೆ ಸಿಟ್ಟು ಬಂದರೆ ಬಾಯಿ ಕಟ್ಟುತ್ತದೆ, ಕೈ ಚುರುಕಾಗುತ್ತದೆ. ಜಮಖಂಡಿಯಿಂದ ಪುಣೆಗೆ ಸೊಸೆಯಾಗಿ ಬಂದವಳು, ಬುಧವಾರ ಪೇಠೆಯ ಮನೆತನದ ಕ್ಯಾಮೆರಾ ರಿಪೇರಿ ಅಂಗಡಿಯ ಒಳಕೋಣೆಯಲ್ಲಿ ಮಾವನ ಪಕ್ಕ ಕೂತು, ಬೆಳಕು ಅಳೆಯುವ ಮೀಟರ್ ಸರಿಮಾಡುವುದನ್ನು ಕಲಿತಳು. ಮಾವ ತೀರಿಕೊಂಡ ಮೇಲೆ ಆ ಕೆಲಸವೆಲ್ಲ ಅವಳದೇ. ಮುಂದೆ ಗಲ್ಲಾದ ಮೇಲೆ ಕೂರುವವನು ಗಂಡನ ಅಣ್ಣ ಬಸವಪ್ರಭು. ಸ್ಕ್ರೂಡ್ರೈವರ್ ಹಿಡಿದು ಗೊತ್ತಿಲ್ಲದ ಮನುಷ್ಯ. ಹೊಗಳಿಕೆ ಬಂದರೆ ಮಾತ್ರ ಎರಡೂ ಕೈ ಚಾಚುತ್ತಾನೆ.

ಮೀಟರಿಗೆ ಸ್ವಂತ ಬುದ್ಧಿ ಇಲ್ಲ. ಮದುಮಗಳ ಮುಖವಾಗಲಿ, ಕರೀ ಕಂಬಳಿಯಾಗಲಿ, ಎದುರಿಗಿದ್ದದ್ದೆಲ್ಲ ನಡುತರದ ಬೂದು ಬಣ್ಣವೆಂದೇ ಅಳೆಯುತ್ತದೆ. ಆ ಬೂದು ಎಷ್ಟೆಂದು ಅದಕ್ಕೆ ಕಲಿಸುವುದು ಶೈಲಾಳ ಮೇಜಿನ ಬೂದು ಹಲಗೆ. ಹಲಗೆಯ ಮೇಲೆ ಗೊತ್ತಿದ್ದಷ್ಟು ಬೆಳಕು ಬಿಟ್ಟು, ಎದುರಿಗೆ ಮೀಟರ್ ಇಟ್ಟು, ಮುಳ್ಳು ಸರಿಯಾದ ಗೆರೆಗೆ ಬರುವ ತನಕ ಸ್ಕ್ರೂ ತಿರುಗಿಸಬೇಕು. ಹಲಗೆಗೆ ಬೆರಳು ಕೂಡ ಸೋಕಬಾರದು. ಇದನ್ನು ಮನೆಯ ಗಂಡಸರಿಗೆ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಮಗರಪಟ್ಟಾದ ಕಂಪನಿಯೊಂದರಲ್ಲಿರುವ ಮೈಸೂರಿನ ಮಧುಕರ್ ಫೋಟೋಗಳನ್ನು ತಂದು ಗಲ್ಲಾದ ಮೇಲೆ ಹರಡಿದ. ಗೆಳೆಯನ ಮದುವೆಯಾದ ಮೇಲೆ ನವದಂಪತಿಯ ಜೊತೆ ಜೇಜುರಿಯ ಗುಡಿಗೆ ಹೋಗಿ, ಬೆಳಕು ತುಸು ಹೆಚ್ಚಾದರೂ ಸಹಿಸದ ರೀಲಿನಲ್ಲಿ ತೆಗೆದದ್ದು. ಗುಡಿಯಲ್ಲಿ ತೂರಿದ ಅರಿಶಿನದ ಭಂಡಾರವೆಲ್ಲ ಸುಣ್ಣದಂತೆ ಬಿಳಿಚಿತ್ತು. ನವದಂಪತಿಯ ಮುಖಕ್ಕೆ ಮೂಗೇ ಇರಲಿಲ್ಲ.

"ದೀಪಾವಳಿಗೆ ಮುಂಚೆ ನೀವು ಸರಿಮಾಡಿಕೊಟ್ಟ ಮೀಟರ್ ತೋರಿಸಿದ ಹಾಗೇ ತೆಗ್ದಿದ್ದೀನಿ ಸರ್," ಎಂದ ಮಧುಕರ್.

"ನಿಮ್ಮ ಕ್ಯಾಮೆರಾನ ಕೆಟ್ಟಿರಬೇಕ್ ನೋಡ್ರಿ," ಎಂದ ಬಸವಪ್ರಭು, ಕಣ್ಣು ಮಿಟುಕಿಸದೆ.

ಒಳಗಿದ್ದ ಶೈಲಾ ತನ್ನ ಹಲಗೆಯ ಅಂಚು ಹಿಡಿದು ಎದ್ದು ಬಂದಳು. ಮಧುಕರನ ಚೀಲದಲ್ಲಿದ್ದ ಹೊಸ ಬೂದು ಕಾರ್ಡನ್ನು ಕೇಳಿ ತೆಗೆದುಕೊಂಡು ತನ್ನ ಹಲಗೆಯ ಪಕ್ಕ ಇಟ್ಟಳು. ಕಾರ್ಡಿನ ಮುಂದೆ ಹಲಗೆ ಬೆಳ್ಳಗಿತ್ತು. ದಿನವೂ ಅದನ್ನೇ ನೋಡುವ ಕಣ್ಣಿಗೆ ಅದು ತಿಳಿದಿರಲಿಲ್ಲ. ಓರೆಯಾಗಿ ಹಿಡಿದರೆ ಅಡ್ಡಕ್ಕೆ ಮೂರು ಪಟ್ಟೆ, ಅದರ ಮೇಲೆ ಒರೆಸಿದ ಗುರುತು. ಅವಳ ಮೈಯೆಲ್ಲ ಉರಿದುಹೋಯಿತು. ದಸರೆಗೆ ಸಲಕರಣೆಗಳಿಗೆ ಮಾಡುವ ಖಂಡೇ ಪೂಜೆ ಅಂಗಡಿಯಲ್ಲಿ ಗಂಡಸರದು. ಆ ದಿನ ಅವಳು ಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು.

"ಭಾವಾರ, ಹಲಗಿಗೆ ವಿಭೂತಿ ಹಚ್ಚೀರೇನ್ರಿ?"

"ಎಲ್ಲಾ ಸಾಮಾನಿಗೂ ಹಚ್ಚಿ ಅದಕ್ಕಷ್ಟ ಬಿಟ್ರ ಹೆಂಗ? ಆಮ್ಯಾಲೆ ಹಸಿ ಅರಿವಿಲೆ ಒರಿಸೇನಲ್ಲ."

"ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಸುಮ್ನಿರ್ತಿದ್ದೇನ?"

ದೇವರ ಹೆಸರಲ್ಲಿ ಮಾಡಿದ್ದಕ್ಕೆ ಅವಳು ಅಷ್ಟು ಉರಿದಿರಲಿಲ್ಲ. ಮುಚ್ಚಿಟ್ಟನಲ್ಲ, ಅದಕ್ಕೆ. ಬಿಳಿಚಿದ ಹಲಗೆ ಹೆಚ್ಚು ಬೆಳಕು ಚೆಲ್ಲುತ್ತದೆ. ಅದಕ್ಕೆ ಹೊಂದಿಸಲು ಅವಳೇ ಮುಳ್ಳನ್ನು ಕೆಳಗಿಳಿಸಿದ್ದಳು. ದಸರೆಯಿಂದೀಚೆಗೆ ಅವಳ ಕೈಯಿಂದ ಹೋದ ಪ್ರತಿ ಮೀಟರೂ ಇದ್ದ ಬೆಳಕನ್ನು ಕಡಿಮೆ ಎಂದು ಸುಳ್ಳು ಹೇಳುತ್ತಿತ್ತು.

"ತಪ್ಪು ನಮ್ಮದು. ನಿಮ್ಮ ಕ್ಯಾಮೆರಾ ಚಲೋ ಅದ," ಎಂದು ಮಧುಕರನಿಗೆ ಹೇಳಿ ಅವಳು ಫೋನ್ ಎತ್ತಿಕೊಂಡಳು. ಕಲಬುರ್ಗಿಯ ಕ್ಯಾಮೆರಾಮನ್ ಅಂಬಾರಾಯ ಹಿಂದಿನ ವಾರವಷ್ಟೇ ಮೀಟರ್ ಒಯ್ದಿದ್ದ. ನಾಳೆ ಲೋಣಾವಳಾದಲ್ಲಿ ಅವನ ಶೂಟಿಂಗ್.

"ಇಡು ಫೋನು," ಬಸವಪ್ರಭು ಹಲ್ಲು ಕಡಿದ. "ಬ್ಯಾರೆ ಯಾರಿಗೂ ಗೊತ್ತಾಗೂದಿಲ್ಲ. ಅಂಗಡಿ ಮರ್ಯಾದಿ ಮಣ್ಣುಪಾಲಾಗ್ತದ."

"ಆಗ್ಲಿ."

ಅಂಬಾರಾಯ ಅರ್ಧ ಕೇಳಿ ನಕ್ಕುಬಿಟ್ಟ. "ನಿಮಗೇನ್ ತಿಳೀತದವ್ವಾ, ಬಸವಪ್ರಭು ಅವರಿಗೆ ಕೊಡ್ರಿ. ಇಷ್ಟು ವರ್ಷ ನನ್ನ ಮೀಟರ್ ಸೆಟ್ ಮಾಡಿದ ಕೈ ಅವರದು. ಅವರೇ ಹೇಳ್ಯಾರ."

ಶೈಲಾ ಗಲ್ಲಾದ ಕಡೆ ತಿರುಗಿದಳು. ಬಸವಪ್ರಭು ಗಲ್ಲಾದ ಗಾಜು ಒರೆಸತೊಡಗಿದ್ದ. ಇಷ್ಟು ವರ್ಷ ಒಳಕೋಣೆಯಲ್ಲಿ ಕಣ್ಣು ಸವೆಸಿದವಳಿಗೆ ಸಿಟ್ಟು ಉಕ್ಕಿ ಬಂತು. ಈ ಸಲ ಬಾಯಿ ಕಟ್ಟಲಿಲ್ಲ.

"ನನ್ನ ಹೆಸರು ಶೈಲಾ ಅಂತರಿ," ಎಂದಳು. "ನಿಮ್ಮ ಮೀಟರ್ ತಪ್ಪು ಸೆಟ್ ಮಾಡಿ ಕೊಟ್ಟಾಕಿ ನಾನು. ಇಷ್ಟು ವರ್ಷ ಸರಿ ಮಾಡಿ ಕೊಟ್ಟಾಕೀನೂ ನಾನ."